ಪೆಸಿಫಿಕ್ ದ್ವೀಪ ಪ್ರದೇಶಗಳ ನೋಟು ಸಂಗ್ರಹ: ಯಾವುದನ್ನು ಕೊಳ್ಳಬೇಕು, ಹೇಗೆ ಪರೀಕ್ಷಿಸಬೇಕು, ಹೇಗೆ ಕಾಪಾಡಬೇಕು

ಪೆಸಿಫಿಕ್ ನೋಟುಗಳ ಕಡೆ ಮನಸ್ಸು ಹರಿದವರಲ್ಲಿ ಹೆಚ್ಚಿನವರು ಮೊದಲು ಭೂಪಟ ಬಿಡಿಸಿ ಕೂರುತ್ತಾರೆ. ದ್ವೀಪಕ್ಕೊಂದು ನೋಟು ಎಂದು ಪಟ್ಟಿ ಮಾಡಿ, ಒಂದೊಂದನ್ನೇ ಹುಡುಕತೊಡಗುತ್ತಾರೆ. ಕೈ ಸುಟ್ಟುಕೊಳ್ಳುವುದು ಇಲ್ಲೇ. ಭೂಪಟದಲ್ಲಿ ಹೆಸರಿರುವ ಅರ್ಧಕ್ಕರ್ಧ ದ್ವೀಪಗಳಿಗೆ ಸ್ವಂತ ನೋಟೇ ಇಲ್ಲ. ಇಲ್ಲದ ನೋಟನ್ನೂ ಮಾರುವವರು ಮಾತ್ರ ಬೇಕಾದಷ್ಟು ಇದ್ದಾರೆ. ಆದ್ದರಿಂದ ಪಟ್ಟಿ ಮಾಡುವಾಗ ದ್ವೀಪದ ಹೆಸರಿಗಿಂತ ಮೊದಲು ನೋಟು ಹೊರಡಿಸಿದವರು ಯಾರು ಎಂದು ಕೇಳಿಕೊಳ್ಳಿ. ಈ ಒಂದು ಅಭ್ಯಾಸ ಬಂದರೆ ಹಣವೂ ಉಳಿಯುತ್ತದೆ, ಸಂಗ್ರಹಕ್ಕೂ ಒಂದು ಬೆನ್ನೆಲುಬು ಸಿಗುತ್ತದೆ.

ಸ್ವಂತ ನೋಟು ಇಲ್ಲದ ಜಾಗಗಳು

ಟೊಕೆಲಾವ್, ನಿಯುವೆ, ಪಿಟ್‌ಕೇರ್ನ್‌ಗಳಲ್ಲಿ ಓಡುವುದು ನ್ಯೂಜಿಲೆಂಡ್ ಡಾಲರ್. ಕಿರಿಬಾಟಿ, ಟುವಾಲು, ನೌರುಗಳಲ್ಲಿ ಆಸ್ಟ್ರೇಲಿಯದ ಡಾಲರ್. ಗುವಾಮ್, ಅಮೆರಿಕನ್ ಸಮೋವಾ, ಉತ್ತರ ಮರಿಯಾನಾಗಳಲ್ಲಿಯೂ ಪಲಾವ್, ಮಾರ್ಷಲ್ ದ್ವೀಪಗಳು, ಮೈಕ್ರೊನೇಷ್ಯಾ ದೇಶಗಳಲ್ಲಿಯೂ ಅಮೆರಿಕದ ಡಾಲರ್. ಇವುಗಳಲ್ಲಿ ಕೆಲವು ತಮ್ಮ ಹೆಸರಿನ ನಾಣ್ಯಗಳನ್ನು ಹೊರಡಿಸಿವೆ. ಅದೇ ಗೊಂದಲಕ್ಕೆ ಕಾರಣ. ನಾಣ್ಯ ಇದೆ ಎಂದ ಮೇಲೆ ನೋಟೂ ಇರಬೇಕಲ್ಲ ಎಂದು ಕೊಳ್ಳುವವರು ಅಂದುಕೊಳ್ಳುತ್ತಾರೆ.

ಹೊಳೆಯುವ ಪ್ಲಾಸ್ಟಿಕ್ಕಿನ ಮೇಲೆ ಮೀನು, ಹಕ್ಕಿ, ಹಾಯಿದೋಣಿಗಳ ಬಣ್ಣದ ಚಿತ್ರ ಬಿಡಿಸಿ, ಮೇಲೆ ಇಂಥ ಒಂದು ದ್ವೀಪದ ಹೆಸರು ಬರೆದಿದ್ದರೆ ಅದು ಯಾರೋ ಖಾಸಗಿಯವರು ಅಚ್ಚು ಹಾಕಿಸಿದ ಕಲ್ಪನೆಯ ನೋಟು. ನೋಡಲು ಚಂದ ಇರಬಹುದು, ಆದರೆ ಅದರಿಂದ ಯಾವ ಅಂಗಡಿಯಲ್ಲೂ ಒಂದು ತೆಂಗಿನಕಾಯಿ ಬಂದಿಲ್ಲ. ಕೊಳ್ಳಲೇಬೇಕು ಎನಿಸಿದರೆ ಕೊಳ್ಳಿ, ಬೇರೆ ಆಲ್ಬಮ್‌ನಲ್ಲಿಡಿ, ನೋಟಿನ ಬೆಲೆ ಮಾತ್ರ ಕೊಡಬೇಡಿ. ಮಾರುವವರು ಕೊಡುವ ವಿವರದಲ್ಲಿ ಪಿಕ್ ಸಂಖ್ಯೆ ಇದೆಯೇ ನೋಡಿ. ಜರ್ಮನಿಯ ಆಲ್ಬರ್ಟ್ ಪಿಕ್ ಅವರ ಹೆಸರಿನಲ್ಲಿ ಬಳಕೆಗೆ ಬಂದ ಈ ಕ್ಯಾಟಲಾಗ್ ಸಂಖ್ಯೆಯೇ ಜಗತ್ತಿನ ನೋಟು ಸಂಗ್ರಾಹಕರ ಸಾಮಾನ್ಯ ಭಾಷೆ. ಕಲ್ಪನೆಯ ನೋಟಿಗೆ ಆ ಸಂಖ್ಯೆ ಇರುವುದಿಲ್ಲ. ಕೊಟ್ಟಿದ್ದರೂ ಹುಡುಕಿದಾಗ ಬೇರೆ ಯಾವುದೋ ನೋಟು ಎದುರಾಗುತ್ತದೆ.

ಫ್ರೆಂಚ್ ಪೆಸಿಫಿಕ್: ಸಂಗ್ರಹದ ನಡುಗಂಬ

ಪ್ರದೇಶಗಳ ಸಂಗ್ರಹ ಎಂದರೆ ಮೊದಲು ಹಿಡಿಯಬೇಕಾದದ್ದು ಸಿ.ಎಫ್.ಪಿ. ಫ್ರಾಂಕ್. ನ್ಯೂ ಕ್ಯಾಲಿಡೋನಿಯಾ, ಫ್ರೆಂಚ್ ಪಾಲಿನೇಷ್ಯಾ, ವಾಲಿಸ್ ಮತ್ತು ಫುಟೂನಾ ಈ ಮೂರು ಫ್ರೆಂಚ್ ಪ್ರದೇಶಗಳ ಹಣ ಇದು. ಹುಟ್ಟಿದ್ದು 1945ರ ಡಿಸೆಂಬರ್ 26ರಂದು. ಈಗ ಯೂರೋಗೆ ಕಟ್ಟಿಹಾಕಲಾಗಿದೆ: 1000 ಫ್ರಾಂಕ್‌ಗೆ 8.38 ಯೂರೋ, ಅಂದರೆ ಒಂದು ಯೂರೋಗೆ 119.33 ಫ್ರಾಂಕ್. ಈ ಲೆಕ್ಕ ಬಾಯಿಪಾಠ ಇರಲಿ, ಬೆಲೆ ಮಾತಾಡುವಾಗ ಬೇಕಾಗುತ್ತದೆ.

ಇಲ್ಲಿನ ನೋಟುಗಳನ್ನು ಮೂರು ಕಾಲಗಳಾಗಿ ವಿಂಗಡಿಸಿಕೊಳ್ಳಿ.

ಮೊದಲನೆಯದು ಬ್ಯಾಂಕ್ ಆಫ್ ಇಂಡೋಚೈನಾದ ಕಾಲ. ವಿಯೆಟ್ನಾಂ ಕಡೆ ನೋಟು ಹೊರಡಿಸುತ್ತಿದ್ದ ಅದೇ ಬ್ಯಾಂಕು ನ್ಯೂ ಕ್ಯಾಲಿಡೋನಿಯಾದ ರಾಜಧಾನಿ ನೂಮೆಯಾ, ಫ್ರೆಂಚ್ ಪಾಲಿನೇಷ್ಯಾದ ಟಹೀಟಿ ದ್ವೀಪದ ಪಪೇಟೆ ಎರಡಕ್ಕೂ ನೋಟು ಕೊಡುತ್ತಿತ್ತು. ನೋಟಿನ ಮೇಲೆ ಊರಿನ ಹೆಸರಿರುತ್ತದೆ, ಅದನ್ನು ನೋಡದೆ ಯಾವುದನ್ನೂ ಕೊಳ್ಳಬೇಡಿ. ಇದರ ಪಕ್ಕದಲ್ಲೇ ಚಿಲ್ಲರೆ ಅಭಾವದ ಕಾಲದ ಪುಟ್ಟ ನೋಟುಗಳೂ ಇವೆ. 1919ರಲ್ಲಿ ಪಪೇಟೆಯ ವಾಣಿಜ್ಯ ಮಂಡಳಿ ಹೊರಡಿಸಿದ ಸಾಂಟೀಮ್ (ಫ್ರಾಂಕಿನ ನೂರನೇ ಒಂದು ಪಾಲು) ಮತ್ತು ಫ್ರಾಂಕ್ ಚೀಟಿಗಳು, ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಶರಣಾಗದೆ ಹೋರಾಡಿದ 'ಸ್ವತಂತ್ರ ಫ್ರಾನ್ಸ್' ಬಣದ ಪಕ್ಷ ಹಿಡಿದ ನ್ಯೂ ಕ್ಯಾಲಿಡೋನಿಯಾ 1942 ಮತ್ತು 1943ರಲ್ಲಿ ಹೊರಡಿಸಿದ, ಲೊರೇನ್ ಶಿಲುಬೆ ಇರುವ ಚೀಟಿಗಳು. ಎರಡು ಅಡ್ಡಗೆರೆಯ ಆ ಶಿಲುಬೆ ಕಂಡರೆ ಯುದ್ಧಕಾಲದ್ದೆಂದು ದೂರದಿಂದಲೇ ಗೊತ್ತಾಗುತ್ತದೆ. ಹೊಸಬರು ಈ ಗುಂಪಿಗೆ ಆತುರ ಪಡಬೇಡಿ. ಕೈಯಿಂದ ಕೈಗೆ ಓಡಾಡಿ ಸವೆದು ಸುಣ್ಣವಾದ ಪ್ರತಿಗಳೇ ಹೆಚ್ಚು. ಒಳ್ಳೆಯ ಪ್ರತಿಯ ಬೆಲೆ ಅಳೆಯಲು ಕಣ್ಣು ಪಳಗಿರಬೇಕು.

ಎರಡನೆಯದು ಐ.ಇ.ಓ.ಎಂ. ಕಾಲ. ಐ.ಇ.ಓ.ಎಂ. ಎಂದರೆ ಫ್ರಾನ್ಸಿನ ಸಾಗರೋತ್ತರ ನೋಟು ಸಂಸ್ಥೆ, ಅದು ಇಂಡೋಚೈನಾ ಬ್ಯಾಂಕಿನಿಂದ ಈ ಕೆಲಸ ವಹಿಸಿಕೊಂಡದ್ದು 1960ರ ದಶಕದ ಕೊನೆಯಲ್ಲಿ. ನನ್ನ ಮಟ್ಟಿಗೆ ಇಡೀ ಪೆಸಿಫಿಕ್ಕಿನಲ್ಲಿ ಕಡಿಮೆ ಖರ್ಚಿನಲ್ಲಿ ಹೆಚ್ಚು ಕಲಿಸುವ ಗುಂಪು ಇದು. ಚಿತ್ರ ಒಂದೇ, ಅಳತೆ ಒಂದೇ, ಮುಖಬೆಲೆ ಒಂದೇ, ಆದರೆ ಹಿಂಬದಿಯಲ್ಲಿ ಒಂದರ ಮೇಲೆ ನೂಮೆಯಾ ಎಂದಿದೆ, ಇನ್ನೊಂದರ ಮೇಲೆ ಪಪೇಟೆ ಎಂದಿದೆ. ಸಂಗ್ರಾಹಕರ ಲೆಕ್ಕದಲ್ಲಿ ಇವು ಎರಡು ಬೇರೆ ನೋಟುಗಳು. ಕ್ಯಾಟಲಾಗಿನಲ್ಲೂ ಬೇರೆ ಬೇರೆ ಕಡೆ ಇವೆ: ನೂಮೆಯಾ ಹೆಸರಿನದು ನ್ಯೂ ಕ್ಯಾಲಿಡೋನಿಯಾದ ಅಡಿ, ಪಪೇಟೆಯದು ಟಹೀಟಿಯ ಅಡಿ. ವಾಲಿಸ್ ಮತ್ತು ಫುಟೂನಾಕ್ಕೆ ಬೇರೆ ಹೆಸರಿನ ನೋಟಿರಲಿಲ್ಲ, ಅಲ್ಲಿ ಓಡುತ್ತಿದ್ದದ್ದು ನೂಮೆಯಾದ ನೋಟೇ. ಆದ್ದರಿಂದ ಆ ಹೆಸರಿನ ಖಾನೆಯೊಂದನ್ನು ಖಾಲಿ ಬಿಟ್ಟುಕೊಂಡು ಕೊರಗಬೇಡಿ.

ಆಮೇಲೆ ಊರಿನ ಹೆಸರನ್ನೇ ಕೈಬಿಟ್ಟು ಮೂರೂ ಪ್ರದೇಶಗಳಿಗೆ ಒಂದೇ ನೋಟು ಬಂತು. ಅವು ಕ್ಯಾಟಲಾಗಿನಲ್ಲಿ ಮೂರನೇ ಜಾಗಕ್ಕೆ, ಅಂದರೆ 'ಫ್ರೆಂಚ್ ಪೆಸಿಫಿಕ್ ಪ್ರದೇಶಗಳು' ಎಂಬ ತಲೆಬರಹದಡಿಗೆ ಹೋದವು. ಮಾರಾಟದ ಪಟ್ಟಿಗಳಲ್ಲಿ ಆಗುವ ಎಡವಟ್ಟು ಬಹುತೇಕ ಇಲ್ಲಿಂದಲೇ ಹುಟ್ಟುತ್ತದೆ. ಮುಂಬದಿಯ ಚಿತ್ರ ಮಾತ್ರ ಹಾಕಿ ಟಹೀಟಿ ಎಂದು ಬರೆದಿರುತ್ತಾರೆ, ಬಂದ ಮೇಲೆ ತಿರುಗಿಸಿ ನೋಡಿದರೆ ನೂಮೆಯಾ, ಇಲ್ಲವೇ ಊರಿನ ಹೆಸರೇ ಇಲ್ಲ. ಹಿಂಬದಿಯ ಫೋಟೋ ಕೇಳದೆ ದುಡ್ಡು ಕಳಿಸಬೇಡಿ. ಹಿಂಬದಿ ತೋರಿಸಲು ಹಿಂದೆಮುಂದೆ ನೋಡುವವರ ಹತ್ತಿರ ವ್ಯಾಪಾರವೇ ಬೇಡ.

ಊರಿನ ಹೆಸರಿರುವ ಐ.ಇ.ಓ.ಎಂ. ಗುಂಪಿನ 100 ಫ್ರಾಂಕ್ ನೋಟಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮೊದಲು ಬಂದವುಗಳಲ್ಲಿ ಕೆಳಗೆ ನಡುವೆ 'ಫ್ರೆಂಚ್ ಗಣರಾಜ್ಯ' ಎಂಬ ಫ್ರೆಂಚ್ ಸಾಲಿಲ್ಲ, ನಂತರದವುಗಳಲ್ಲಿ ಇದೆ. ಸಾಲಿಲ್ಲದ ಮೊದಲ ಮುದ್ರಣಕ್ಕೆ ಬೆಲೆ ಹೆಚ್ಚು. 100 ಫ್ರಾಂಕ್ ಆಮೇಲೆ ನಾಣ್ಯವಾಯಿತು, ಆದ್ದರಿಂದ ಕಾಗದದ್ದು ಹೆಚ್ಚು ಕಾಲ ಓಡಲಿಲ್ಲ. 5000 ಫ್ರಾಂಕ್ ನೋಟಿನಲ್ಲಿ ಭೂಪ್ರದಕ್ಷಿಣೆ ಮಾಡಿದ ಫ್ರೆಂಚ್ ನಾವಿಕ ಬೂಗನ್‌ವಿಲ್ ಇದ್ದಾನೆ. ನಮ್ಮ ಅಂಗಳದ ಕಾಗದದ ಹೂವಿನ ಬಳ್ಳಿಗೆ ಬೋಗನ್‌ವಿಲ್ಲಾ ಎಂದು ಹೆಸರು ಬಂದದ್ದು ಇವನಿಂದಲೇ. ಮನೆಯವರಿಗೆ ಸಂಗ್ರಹ ತೋರಿಸುವಾಗ ಈ ನೋಟಿನಿಂದ ಶುರು ಮಾಡಿ, ಉಳಿದದ್ದನ್ನು ಅವರೇ ಕೇಳುತ್ತಾರೆ.

ಮೂರನೆಯದು ಈಗ ಚಲಾವಣೆಯಲ್ಲಿರುವ ಸರಣಿ: 500, 1000, 5000, 10,000 ಫ್ರಾಂಕ್. ಬಂದದ್ದು 2014ರ ಜನವರಿ 20ರಂದು. ಹಳೆಯವು ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಚಲಾವಣೆ ಕಳೆದುಕೊಂಡವು. ಒಂದು ಬದಿ ನ್ಯೂ ಕ್ಯಾಲಿಡೋನಿಯಾಕ್ಕೆ, ಇನ್ನೊಂದು ಪಾಲಿನೇಷ್ಯಾಕ್ಕೆ ಮೀಸಲು. ಹಿಂದಿನವಕ್ಕಿಂತ ಬಹಳ ಚಿಕ್ಕವು. ನಾಲ್ಕೂ ಸೇರಿ 16,500 ಫ್ರಾಂಕ್, ಅಂದರೆ ಸುಮಾರು 138 ಯೂರೋ. ಚಲಾವಣೆಯ ನೋಟಾದ್ದರಿಂದ ಇದಕ್ಕಿಂತ ಕೆಳಗೆ ಯಾರೂ ಕೊಡುವುದಿಲ್ಲ. ಗರಿಗರಿ ನೋಟಿಗೆ ಮುಖಬೆಲೆಯ ಮೇಲೆ ಕಾಲುಭಾಗ ಹೆಚ್ಚು ಕೊಡುವುದು ನ್ಯಾಯ ಎನ್ನಬಹುದು, ದುಪ್ಪಟ್ಟು ಕೊಡುವುದು ದಡ್ಡತನ. ಮೊದಲು 500ರದ್ದನ್ನೂ 1000ದ್ದನ್ನೂ ಕೊಳ್ಳಿ. 10,000ದ ನೋಟಿಗೆ ಹಾಕುವ 84 ಯೂರೋದಲ್ಲಿ ಹಳೆಯ ಸರಣಿಯ ಎಷ್ಟೋ ನೋಟು ಬರುತ್ತವೆ.

ಈ ನೋಟುಗಳ ಮೇಲೆ ಇಸವಿ ಇಲ್ಲ. ಕಾಲ ಹೇಳುವುದು ಸಹಿಗಳು. ಅಧಿಕಾರಿಗಳು ಬದಲಾದಂತೆ ಸಹಿಯ ಜೋಡಣೆ ಬದಲಾಗುತ್ತದೆ, ಪ್ರತಿ ಜೋಡಣೆಗೂ ಕ್ಯಾಟಲಾಗಿನಲ್ಲಿ ಒಂದು ಚಿಕ್ಕ ಅಕ್ಷರ ಸೇರುತ್ತದೆ. ಎರಡನೇ ಪ್ರತಿ ಕೊಳ್ಳುವ ಮೊದಲು ಸಹಿಗಳನ್ನು ನಿಮ್ಮಲ್ಲಿರುವ ಪ್ರತಿಯ ಪಕ್ಕದಲ್ಲಿಟ್ಟು ಹೋಲಿಸಿ. ಒಂದೇ ಆಗಿದ್ದರೆ ಬಿಡಿ.

ನ್ಯೂ ಹೆಬ್ರಿಡೀಸ್ ಬಗ್ಗೆ ನಾಲ್ಕು ಮಾತು. ಈಗ ವನುವಾಟು ಆಗಿರುವ ಈ ದ್ವೀಪಗಳನ್ನು 1980ರ ತನಕ ಬ್ರಿಟನ್ ಮತ್ತು ಫ್ರಾನ್ಸ್ ಜಂಟಿಯಾಗಿ ಆಳುತ್ತಿದ್ದವು. ಐ.ಇ.ಓ.ಎಂ. ಅಲ್ಲಿಗೂ 100, 500, 1000 ಫ್ರಾಂಕ್ ನೋಟು ಹೊರಡಿಸಿತ್ತು. ನೂಮೆಯಾ, ಪಪೇಟೆ ನೋಟುಗಳ ಪಕ್ಕದಲ್ಲಿ ಇವನ್ನಿಟ್ಟರೆ ಸರಣಿಗೆ ಕಳೆ ಬರುತ್ತದೆ. ಯುದ್ಧಕಾಲದಲ್ಲಿ ನ್ಯೂ ಕ್ಯಾಲಿಡೋನಿಯಾದ ನೋಟಿನ ಮೇಲೆ ಕೆಂಪು ಮುದ್ರೆಯೊತ್ತಿ ಇಲ್ಲಿಗೆಂದು ಬಳಸಿದ ನೋಟುಗಳೂ ಇವೆ. ಮುದ್ರೆಯೊಂದನ್ನೇ ನಂಬಿ ದೊಡ್ಡ ಹಣ ಕೊಡುವ ಯಾವ ನೋಟನ್ನಾದರೂ ಪರಿಣತರ ಪ್ರಮಾಣೀಕರಣ ಇಲ್ಲದೆ ಮುಟ್ಟಬೇಡಿ. ಹಳೆ ನೋಟಿನ ಮೇಲೆ ಹೊಸ ಮುದ್ರೆ ಒತ್ತುವುದು ಅಷ್ಟು ಸುಲಭ.

ಕುಕ್ ದ್ವೀಪಗಳ ಮೂರು ಡಾಲರ್

ಕುಕ್ ದ್ವೀಪಗಳಿಗೆ ಆಂತರಿಕ ಸ್ವಾತಂತ್ರ್ಯ ಇದೆ, ಆದರೆ ನ್ಯೂಜಿಲೆಂಡಿನ ಜೊತೆಗಿನ ನಂಟು ಬಿಟ್ಟಿಲ್ಲ. ಹಣವೂ ನ್ಯೂಜಿಲೆಂಡಿನದೇ. ಆದರೂ 1987ರಲ್ಲಿ 3, 10, 20 ಡಾಲರ್ ನೋಟುಗಳನ್ನು ತಮ್ಮ ಹೆಸರಿನಲ್ಲೇ ಹೊರಡಿಸಿದರು. ಮೂರು ಡಾಲರ್ ಎಂಬ ಮುಖಬೆಲೆಯೇ ಅಪರೂಪ, ಅದರ ಮೇಲೆ ಶಾರ್ಕ್ ಮೀನಿನ ಬೆನ್ನೇರಿ ಹೊರಟ ಇನಾ ಎಂಬ ಪುರಾಣದ ಹೆಣ್ಣು. ಪೆಸಿಫಿಕ್ ನೋಟುಗಳಲ್ಲಿ ಜನ ಮೊದಲು ಕೇಳುವುದು ಇದನ್ನೇ. ಬಹಳಷ್ಟು ಪ್ರತಿಗಳು ಪ್ರವಾಸಿಗರ ಚೀಲ ಸೇರಿ ಹಾಗೇ ಉಳಿದಿರುವುದರಿಂದ ಗರಿಗರಿಯಾದದ್ದು ಈಗಲೂ ಹೆಚ್ಚು ದುಬಾರಿಯಲ್ಲ. ಹೀಗಾಗಿ ಮಡಚಿದ, ಕೊಳೆ ಹತ್ತಿದ ಪ್ರತಿಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ.

1992ರ ಅಕ್ಟೋಬರಿನಲ್ಲಿ ಕುಕ್ ದ್ವೀಪಗಳ ಮುಖ್ಯ ದ್ವೀಪ ರಾರೊಟೊಂಗಾದಲ್ಲಿ 6ನೇ ಪೆಸಿಫಿಕ್ ಕಲಾ ಉತ್ಸವ ನಡೆದಾಗ ಇದೇ ನೋಟಿನ ಮೇಲೆ ಉತ್ಸವದ ಹೆಸರು ಅಚ್ಚು ಹಾಕಿದರು. ಇದು ಬೇರೆ ಕ್ಯಾಟಲಾಗ್ ಸಂಖ್ಯೆಯ ನೋಟು. ಅದೇ ವರ್ಷ ಹೊಸ ಚಿತ್ರಗಳ ಸರಣಿ ಬಂತು, ಜೊತೆಗೆ 50 ಡಾಲರ್ ಸೇರಿತು. 1995ರಲ್ಲಿ ನೋಟುಗಳನ್ನು ಹಿಂತೆಗೆದುಕೊಂಡು ಮತ್ತೆ ನ್ಯೂಜಿಲೆಂಡ್ ನೋಟಿಗೆ ಮರಳಿದರು. 2021ರಲ್ಲಿ 3 ಡಾಲರ್ ಪಾಲಿಮರ್ (ಪ್ಲಾಸ್ಟಿಕ್) ರೂಪದಲ್ಲಿ ಮತ್ತೆ ಬಂತು. 1987ರ ಕಾಗದದ 3 ಡಾಲರ್, ಉತ್ಸವದ ಅಚ್ಚಿನದು, 1992ರದು, ಪಾಲಿಮರಿನದು: ಈ ನಾಲ್ಕನ್ನು ಒಂದೇ ಪುಟದಲ್ಲಿ ಜೋಡಿಸಿಟ್ಟರೆ ಒಂದು ಪುಟ್ಟ ದೇಶದ ಹಣದ ಕಥೆ ಕಣ್ಣಮುಂದೆ ನಿಲ್ಲುತ್ತದೆ. 20, 50 ಡಾಲರುಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಹವಾಯಿ ಎಂದು ಅಚ್ಚಾದ ಅಮೆರಿಕದ ನೋಟು

ಪರ್ಲ್ ಹಾರ್ಬರ್ ದಾಳಿಯ ಮರುವರ್ಷ, 1942ರಲ್ಲಿ, ಹವಾಯಿ ಇನ್ನೂ ರಾಜ್ಯವಾಗಿರಲಿಲ್ಲ, ಅಮೆರಿಕದ ಪ್ರದೇಶವಾಗಿತ್ತು. ಜಪಾನ್ ದ್ವೀಪಗಳನ್ನು ಹಿಡಿದರೆ ಅಲ್ಲಿರುವ ಡಾಲರುಗಳೆಲ್ಲ ಶತ್ರುವಿನ ಕೈಗೆ ಹೋಗುತ್ತವೆ ಎಂಬ ಭಯ. ಅಲ್ಲಿನ ಸಾಮಾನ್ಯ ನೋಟುಗಳನ್ನು ಹಿಂಪಡೆದು ಸುಟ್ಟರು. ಬದಲಿಗೆ ಹವಾಯಿ ಎಂದು ಅಚ್ಚು ಹಾಕಿದ 1, 5, 10, 20 ಡಾಲರ್ ನೋಟು ಕೊಟ್ಟರು. ದ್ವೀಪ ಕೈತಪ್ಪಿದರೆ ಆ ಅಚ್ಚಿನ ನೋಟು ಚಲಾವಣೆಯಲ್ಲಿಲ್ಲ ಎಂದು ಒಂದೇ ಮಾತಿನಲ್ಲಿ ಸಾರಬಹುದಿತ್ತು. ಹಾಗೆ ಆಗಲಿಲ್ಲ. ಈ ನೋಟುಗಳಿಗೆ ಮುಖಬೆಲೆಯ ಮಾನ್ಯತೆ ಇವತ್ತಿಗೂ ಇದೆ.

ಕೊಳ್ಳುವ ಮೊದಲು ಒಂದು ಡಾಲರ್ ನೋಟನ್ನು ಹೀಗೆ ನೋಡಿ. ಹಿಂಬದಿ ತಿರುಗಿಸಿದರೆ ನೋಟಿನ ಉದ್ದಕ್ಕೂ ದೊಡ್ಡದಾಗಿ, ಒಳಗೆ ಟೊಳ್ಳಾಗಿರುವ ಅಕ್ಷರಗಳಲ್ಲಿ ಹವಾಯಿ ಎಂದಿರುತ್ತದೆ. ಮುಂಬದಿಯಲ್ಲಿ ಎಡಕ್ಕೂ ಬಲಕ್ಕೂ ಅದೇ ಪದ ಚಿಕ್ಕದಾಗಿ, ಕಪ್ಪಗೆ, ನೆಟ್ಟಗೆ ನಿಲ್ಲಿಸಿದಂತೆ ಇರುತ್ತದೆ. ಈಗ ಖಜಾನೆಯ ದುಂಡು ಮುದ್ರೆ ಮತ್ತು ಸೀರಿಯಲ್ ನಂಬರ್ ನೋಡಿ. ಎರಡೂ ಕಂದು ಬಣ್ಣದಲ್ಲಿರಬೇಕು. ಅದೇ ಕಾಲದ ಸಾಮಾನ್ಯ ಒಂದು ಡಾಲರ್ ನೋಟಿನಲ್ಲಿ (ಬೆಳ್ಳಿ ಪ್ರಮಾಣಪತ್ರ ಎಂಬ ಬಗೆಯದು) ಇವು ನೀಲಿ. ಮೋಸಗಾರರು ಸಾಮಾನ್ಯ ನೋಟಿನ ಮೇಲೆ ಹವಾಯಿ ಎಂದು ಒತ್ತಬಲ್ಲರು, ನೀಲಿಯನ್ನು ಕಂದು ಮಾಡುವುದು ಅವರಿಗೆ ಕಷ್ಟ. ನೀಲಿ ಮುದ್ರೆಯ ಮೇಲೆ ಹವಾಯಿ ಎಂದಿದ್ದರೆ ಅಲ್ಲಿಗೇ ಮಾತು ಮುಗಿಯಿತು. ಒಂದು ಡಾಲರ್ ನೋಟು 1935 ಎ ಸರಣಿಯದೇ ಆಗಿರಬೇಕು. ಕೆಟ್ಟ ಅಚ್ಚಿನ ನೋಟಿನ ಬದಲಿಗೆ ಸೇರಿಸುವ ನಕ್ಷತ್ರ ಗುರುತಿನ ನೋಟುಗಳನ್ನು ಬಿಟ್ಟರೆ ನಂಬರಿನ ಕೊನೆಯ ಅಕ್ಷರ ಇಂಗ್ಲಿಷಿನ ಬಿ ಅಥವಾ ಸಿ ಆಗಿರುತ್ತದೆ. 5, 10, 20 ಡಾಲರ್ ನೋಟುಗಳು ಸ್ಯಾನ್ ಫ್ರಾನ್ಸಿಸ್ಕೋ ಫೆಡರಲ್ ರಿಸರ್ವ್ ಬ್ಯಾಂಕಿನವು, 1934 ಅಥವಾ 1934 ಎ ಸರಣಿ. ಬ್ಯಾಂಕಿನ ಮುದ್ರೆಯೊಳಗೆ ಎಲ್ ಅಕ್ಷರ ಇಲ್ಲದಿದ್ದರೆ ನಕಲಿ.

ನಕಲಿ ಅಚ್ಚನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ ಶಾಯಿ ಮಡಚಿದ ಗೆರೆಯ ಒಳಕ್ಕೂ ಇಳಿದಿರುತ್ತದೆ. ನೋಟು ಸವೆದ ಮೇಲೆ ಒತ್ತಿದ್ದು ಎಂಬುದಕ್ಕೆ ಅದೇ ಸಾಕ್ಷಿ. ಅಸಲಿಯಲ್ಲಿ ನೋಟು ಮಡಚಿದ ಜಾಗದಲ್ಲಿ ಅಚ್ಚೂ ಜೊತೆಗೇ ಸವೆದಿರುತ್ತದೆ.

ಜಪಾನಿನ ಆಕ್ರಮಣದ ನೋಟು

ಅದೇ ಯುದ್ಧದ ಇನ್ನೊಂದು ಪಕ್ಷದ್ದು ಇದು. ಆಕ್ರಮಿಸಿದ ಪೆಸಿಫಿಕ್ ದ್ವೀಪಗಳಿಗಾಗಿ ಜಪಾನ್ ಸರ್ಕಾರ 1942ರಲ್ಲಿ ಅರ್ಧ ಶಿಲ್ಲಿಂಗ್, 1 ಶಿಲ್ಲಿಂಗ್, 10 ಶಿಲ್ಲಿಂಗ್, 1 ಪೌಂಡ್ ನೋಟು ಅಚ್ಚು ಹಾಕಿಸಿತು. ಇವುಗಳಲ್ಲಿ ಸೀರಿಯಲ್ ನಂಬರ್ ಇಲ್ಲ, ಎರಡು ಅಕ್ಷರ ಮಾತ್ರ. ಮೊದಲ ಅಕ್ಷರ ಓ, ಅಂದರೆ ಓಷಿಯಾನಿಯಾ. ಇದೇ ಪದ್ಧತಿಯಲ್ಲಿ ಬರ್ಮಾದ ರೂಪಾಯಿ ನೋಟುಗಳಿಗೆ ಬಿ, ಮಲಯಾಕ್ಕೆ ಎಂ, ಫಿಲಿಪ್ಪೀನ್ಸ್‌ಗೆ ಪಿ. ಬರ್ಮಾದ ಬಿ ನೋಟುಗಳು ನಮ್ಮ ಹಳೆನಾಣ್ಯದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಅವುಗಳನ್ನು ಕೈಯಲ್ಲಿ ಹಿಡಿದು ಕಾಗದದ ದಪ್ಪ, ಕೆಂಪು ಮುದ್ರೆ, ಕೆಳಗಿನ ಜಪಾನಿ ಅಕ್ಷರಗಳನ್ನು ಚೆನ್ನಾಗಿ ನೋಡಿಕೊಳ್ಳಿ. ಓ ನೋಟು ಕೊಳ್ಳುವ ಹೊತ್ತಿಗೆ ಕಣ್ಣು ತಯಾರಾಗಿರುತ್ತದೆ.

ಆಸ್ಟ್ರೇಲಿಯವನ್ನು ಗೆದ್ದ ಮೇಲೆ ಬಳಸಲು ಮಾಡಿಟ್ಟಿದ್ದ ರಹಸ್ಯ ನೋಟು ಎಂದು ಇವನ್ನು ದುಬಾರಿಗೆ ಮಾರುವವರಿದ್ದಾರೆ. ಶಿಲ್ಲಿಂಗು ಪೌಂಡು ಕಂಡು ಹುಟ್ಟಿದ ಮಾತು ಅದು. ಆಕ್ರಮಿತ ದ್ವೀಪಗಳಲ್ಲಿ ಮೊದಲೇ ಓಡುತ್ತಿದ್ದದ್ದು ಪೌಂಡ್ ಲೆಕ್ಕದ ಹಣವಾದ್ದರಿಂದ ಹಾಗೆ ಅಚ್ಚಾಯಿತು. ಕಥೆಗೆ ದುಡ್ಡು ಕೊಡಬೇಡಿ.

ಸ್ಥಿತಿ ನೋಡುವ ಕ್ರಮ

ಒಂದೇ ನೋಟಿನ ಗರಿಗರಿ ಪ್ರತಿಗೂ ಸವೆದ ಪ್ರತಿಗೂ ಬೆಲೆಯಲ್ಲಿ ಹತ್ತು ಪಟ್ಟು ಅಂತರ ಬರುವುದುಂಟು. ಹೀಗಾಗಿ ಈ ಭಾಗಕ್ಕೆ ಹೆಚ್ಚು ಸಮಯ ಕೊಡಿ.

ಕೈ ತೊಳೆದು ಪೂರ್ತಿ ಒಣಗಿಸಿ, ನೋಟನ್ನು ಅಂಚಿನಲ್ಲಿ ಹಿಡಿಯಿರಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೇಜಿಗೆ ತಾಗುವಷ್ಟು ಓರೆಯಾಗಿ ಹಿಡಿದು ನೋಟಿನ ಮೇಲೆ ಬೆಳಕು ಹಾಯಿಸಿ. ನೇರ ಬೆಳಕಿನಲ್ಲಿ ಮಾಯವಾಗಿದ್ದ ಮಡಿಕೆಗಳು ಈಗ ಗದ್ದೆಯ ಬದುವಿನಂತೆ ಎದ್ದು ಕಾಣುತ್ತವೆ. ನಡುವೆ ಒಂದೇ ಒಂದು ಮೆಲು ಮಡಿಕೆ ಇದ್ದರೂ ಅದು ಅನ್‌ಸರ್ಕ್ಯುಲೇಟೆಡ್ (ಬಳಕೆಯಾಗದ ಗರಿಗರಿ ನೋಟು) ಅಲ್ಲ. ಆಮೇಲೆ ನೋಟನ್ನು ಬೆಳಕಿಗೆ ಎದುರಾಗಿ ಹಿಡಿದು ತೂತು ಹುಡುಕಿ. ಫ್ರೆಂಚ್ ಬ್ಯಾಂಕುಗಳಲ್ಲಿ ನೋಟಿನ ಕಟ್ಟಿಗೆ ಪಿನ್ ಚುಚ್ಚುವ ರೂಢಿ ಇತ್ತು, ಆದ್ದರಿಂದ ಇಂಡೋಚೈನಾ ಬ್ಯಾಂಕಿನ ನೋಟುಗಳಲ್ಲಿ ಪಿನ್ ತೂತು ಸಾಮಾನ್ಯ. ನಮ್ಮ ನೋಟಿನ ಕಟ್ಟುಗಳಿಗೂ ಒಂದು ಕಾಲದಲ್ಲಿ ಸ್ಟೇಪಲ್ ಪಿನ್ ಹೊಡೆಯುತ್ತಿದ್ದರಲ್ಲ, ಹಾಗೇ. ಹಳೆಯ ಫ್ರೆಂಚ್ ನೋಟಿನಲ್ಲಿ ಒಂದೆರಡು ತೂತಿಗಾಗಿ ನೋಟು ಬಿಡಬೇಡಿ, ಬೆಲೆ ಮಾತ್ರ ಇಳಿಸಿ ಕೇಳಿ. ವಾಟರ್‌ಮಾರ್ಕಿಗೆಂದು ಬಿಟ್ಟ ಬಿಳಿ ಜಾಗವನ್ನು ಬೇರೆಯಾಗಿ ನೋಡಿ. ಕೊಳೆ ಮೊದಲು ಕೂರುವುದು ಅಲ್ಲೇ.

ತೊಳೆದು ಇಸ್ತ್ರಿ ಮಾಡಿದ ನೋಟೇ ಹೆಚ್ಚು ಮೋಸ ಮಾಡುವುದು. ಫೋಟೋದಲ್ಲಿ ಹೊಸದರಂತೆ ಕಾಣುತ್ತದೆ. ಮುಟ್ಟಿ ನೋಡಿದರೆ ಕಾಗದ ಮೆತ್ತಗೆ, ಮುದ್ರಣದ ಉಬ್ಬು ಬೆರಳಿಗೆ ಸಿಗುವುದಿಲ್ಲ, ಬಣ್ಣ ಒಂದು ಪಾಲು ಮಂಕು. ನೇರಳಾತೀತ ಟಾರ್ಚ್ ಇದ್ದರೆ ಅನುಮಾನ ಬೇಗ ತೀರುತ್ತದೆ. ಹತ್ತಿಯ ನಾರಿನ ನೋಟಿನ ಕಾಗದ ಆ ಬೆಳಕಿನಲ್ಲಿ ಮಂಕಾಗಿರಬೇಕು. ಬಟ್ಟೆ ಸೋಪಿನ ಪುಡಿಯಲ್ಲಿ ತೊಳೆದದ್ದು ಹಬ್ಬಕ್ಕೆ ಒಗೆದ ಬಿಳಿ ಪಂಚೆಯಂತೆ ನೀಲಿಯಾಗಿ ಹೊಳೆಯುತ್ತದೆ. ಸೋಪಿನ ಪುಡಿಯಲ್ಲಿರುವ ಬಿಳುಪುಕಾರಕ ನಾರಿನಲ್ಲೇ ಉಳಿದಿರುವುದು ಇದಕ್ಕೆ ಕಾರಣ. ನಿಮ್ಮ ನೋಟುಗಳನ್ನು ನೀವೂ ತೊಳೆಯಬೇಡಿ, ಒತ್ತಬೇಡಿ, ರಬ್ಬರಿನಲ್ಲಿ ಉಜ್ಜಬೇಡಿ, ಹರಿದಲ್ಲಿ ಸೆಲೋಟೇಪ್ ಹಚ್ಚಬೇಡಿ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದ ಆಚೆ ಬದಿಗೆ ಇಳಿಯುತ್ತದೆ.

ಗ್ರೇಡಿಂಗ್ ಕಂಪನಿಗಳು 70 ಅಂಕಗಳ ಲೆಕ್ಕದಲ್ಲಿ ಸ್ಥಿತಿ ಬರೆದು ಮೊಹರು ಮಾಡಿದ ಕವಚದಲ್ಲಿ ಕೊಡುತ್ತವೆ. 500 ಫ್ರಾಂಕಿನ ಹೊಸ ನೋಟಿಗೆ ಅದು ದಂಡದ ಖರ್ಚು. ಯುದ್ಧಕಾಲದ ಮುದ್ರೆಯ ನೋಟು, ಹವಾಯಿಯ ನಕ್ಷತ್ರ ನೋಟು, ಪಪೇಟೆಯ ಹಳೆಯ ದೊಡ್ಡ ನೋಟುಗಳಿಗೆ ಮಾತ್ರ ಕವಚ ಇರುವುದನ್ನೇ ಕೊಳ್ಳಿ, ಕವಚದ ಮೇಲಿನ ಸಂಖ್ಯೆಯನ್ನು ಆ ಕಂಪನಿಯ ಜಾಲತಾಣದಲ್ಲಿ ಹಾಕಿ ಚಿತ್ರ ತಾಳೆ ನೋಡಿ.

ತರಿಸಿಕೊಳ್ಳುವುದು

ಭಾರತದಲ್ಲಿ ನೆಲೆಸಿದವರು ವಿದೇಶಿ ನಾಣ್ಯಗಳನ್ನು ಮಿತಿಯಿಲ್ಲದೆ ಇಟ್ಟುಕೊಳ್ಳಬಹುದು. ವಿದೇಶಿ ಕರೆನ್ಸಿ ನೋಟಿಗೆ 2000 ಅಮೆರಿಕನ್ ಡಾಲರ್ ಮೌಲ್ಯದ ಮಿತಿ ಇದೆ. ಚಲಾವಣೆಯಲ್ಲಿರುವ ನೋಟುಗಳನ್ನು ಸಂಗ್ರಹದ ಬೇರೆ ಭಾಗವಾಗಿ ಇಟ್ಟು, ಮುಖಬೆಲೆಯ ಒಟ್ಟು ಮೊತ್ತ ಬರೆದಿಡಿ.

ಅಂತರರಾಷ್ಟ್ರೀಯ ಅಂಚೆಯಲ್ಲಿ ನೋಟನ್ನು ಸಾದಾ ಪತ್ರದೊಳಗೆ ಹಾಕಿ ಕಳಿಸುವಂತಿಲ್ಲ. ಕಳೆದರೆ ಪರಿಹಾರವೂ ಇಲ್ಲ. ವಿಮೆ ಮಾಡಿದ, ಜಾಡು ಸಿಗುವ ಸೇವೆಯನ್ನೇ ಕೇಳಿ. ಪ್ಯಾಕಿಂಗ್ ಬಗ್ಗೆ ಮಾರುವವರಿಗೆ ಮೊದಲೇ ಬರೆಯಿರಿ: ನೋಟು ಪ್ಲಾಸ್ಟಿಕ್ ಕವರಿನಲ್ಲಿ, ಕವರು ನೋಟಿಗಿಂತ ಸುತ್ತಲೂ ಎರಡು ಸೆಂಟಿಮೀಟರ್ ದೊಡ್ಡದಾದ ಎರಡು ಗಟ್ಟಿ ರಟ್ಟುಗಳ ನಡುವೆ, ಟೇಪು ರಟ್ಟಿಗೆ ಮಾತ್ರ. ರಟ್ಟು ನೋಟಿನ ಅಳತೆಗೇ ಸರಿಯಾಗಿದ್ದರೆ ಅಂಚೆ ಚೀಲದಲ್ಲಿ ಮೂಲೆಗಳು ಜಜ್ಜಿಹೋಗುತ್ತವೆ. ಕಸ್ಟಮ್ಸ್ ಲೆಕ್ಕದಲ್ಲಿ ಚಲಾವಣೆಯ ನೋಟಿಗೆ 4907, ಸಂಗ್ರಹದ ವಸ್ತುವಿಗೆ 9705 ಎಂಬ ಬೇರೆ ಬೇರೆ ಶೀರ್ಷಿಕೆಗಳಿವೆ. ಬಿಲ್ಲಿನಲ್ಲಿ ನೋಟಿನ ಹೆಸರು, ಕ್ಯಾಟಲಾಗ್ ಸಂಖ್ಯೆ, ಕೊಟ್ಟ ನಿಜವಾದ ಬೆಲೆ ಇರಲಿ. ಉಡುಗೊರೆ ಎಂದು ಬರೆದು ಕಳಿಸಲೇ ಎಂದು ಮಾರುವವರು ಕೇಳಿದರೆ ಬೇಡ ಎನ್ನಿ. ಪ್ಯಾಕೆಟ್ ಕಳೆದ ದಿನ ಆ ಸುಳ್ಳು ಬೆಲೆಯೇ ನಿಮ್ಮ ಕೈಗೆ ಬರುವ ಪರಿಹಾರ.

ನಮ್ಮ ಹವೆಯಲ್ಲಿ ಕಾಪಾಡುವುದು

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಗಾಳಿಯ ತೇವ ದಿನಗಟ್ಟಲೆ 80 ಶೇಕಡಾ ದಾಟಿ ನಿಲ್ಲುತ್ತದೆ. ನೋಟಿಗೆ ಬೇಕಾದದ್ದು 40ರಿಂದ 50. ತೇವ ಹೆಚ್ಚಾದರೆ ಬೂಸ್ಟು ಹಿಡಿಯುತ್ತದೆ, ಕಾಗದದಲ್ಲಿ ಕಂದು ಚುಕ್ಕೆ ಏಳುತ್ತವೆ, ಮತ್ತೆ ಹೋಗುವುದಿಲ್ಲ.

ಮೊದಲು ಕವರು. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರುಗಳನ್ನೇ ಬಳಸಿ, ಪಿ.ವಿ.ಸಿ. ಬೇಡ. ಪಿ.ವಿ.ಸಿ.ಯನ್ನು ಮೆತ್ತಗೆ ಮಾಡಲು ಸೇರಿಸಿದ ಎಣ್ಣೆಯಂಥ ದ್ರವ್ಯ ಸೆಕೆಗೆ ಹೊರಬಂದು ನೋಟಿಗೆ ಅಂಟುತ್ತದೆ. ಹೊಸ ಆಲ್ಬಮ್ ತೆರೆದಾಗ ಮಳೆಕೋಟಿನ ವಾಸನೆ ಬಂದರೆ ಅನುಮಾನ ಪಡಿ. ಖಚಿತವಾಗಬೇಕಾದರೆ ತಾಮ್ರದ ತಂತಿಯ ತುದಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಕವರಿನ ಒಂದು ಚೂರಿಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಪಿ.ವಿ.ಸಿ. ಕಿಟಕಿ ತೆರೆದಿಟ್ಟು ಮಾಡಿ, ಹೊಗೆ ಒಳ್ಳೆಯದಲ್ಲ. ಲ್ಯಾಮಿನೇಷನ್ ಎಂದೂ ಮಾಡಿಸಬೇಡಿ, ಅಲ್ಲಿಗೆ ನೋಟಿನ ಕಥೆ ಮುಗಿಯಿತು.

ಎ4 ಅಳತೆಯ ಮೂರು ಜೇಬಿನ ಹಾಳೆ ಹೆಚ್ಚಿನ ನೋಟಿಗೆ ಸಾಕು. ಹವಾಯಿ ನೋಟು 156 ಮಿಲಿಮೀಟರ್ ಉದ್ದ, 66 ಅಗಲ, ಸಲೀಸಾಗಿ ಕೂರುತ್ತದೆ. ಐ.ಇ.ಓ.ಎಂ.ನ ಹಳೆಯ ದೊಡ್ಡ ಮುಖಬೆಲೆಯ ನೋಟುಗಳನ್ನು ಅಳೆದು ನೋಡಿ ಎರಡು ಜೇಬಿನ ಹಾಳೆ ತನ್ನಿ. ತುರುಕಿದರೆ ಮೂಲೆ ಮಡಚುತ್ತದೆ. ಜೇಬು ನೋಟಿಗಿಂತ ಎಲ್ಲ ಕಡೆ ಮೂರು ನಾಲ್ಕು ಮಿಲಿಮೀಟರ್ ಸಡಿಲ ಇರಬೇಕು.

ಆಲ್ಬಮನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹತ್ತು ಲೀಟರಿನ ಡಬ್ಬಿಗೆ ಐವತ್ತು ಗ್ರಾಂ ಲೆಕ್ಕದಲ್ಲಿ ಬಣ್ಣ ಬದಲಾಗುವ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ ಹಾಕಿ. ಕಿತ್ತಳೆ ಬಣ್ಣದ್ದು ಹಸಿರಾದಾಗ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ, ಮುಚ್ಚಿಟ್ಟು ಆರಿಸಿ ಮತ್ತೆ ಬಳಸಬಹುದು. ಒಳಗೊಂದು ಚಿಕ್ಕ ತೇವಮಾಪಕ ಇರಲಿ. 35ರ ಕೆಳಗೆ ಇಳಿದರೆ ಜೆಲ್ ಕಡಿಮೆ ಮಾಡಿ, ತೀರಾ ಒಣಗಿದ ಕಾಗದ ಮಡಿಕೆಯಲ್ಲಿ ಸೀಳುತ್ತದೆ. ನುಸಿಗುಳಿಗೆ ಡಬ್ಬಿಯೊಳಗೆ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ. ಬೀರುವನ್ನು ಮಳೆ ಬಡಿಯುವ ಹೊರಗೋಡೆಗೆ ಒರಗಿಸಬೇಡಿ, ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ. ಕುಕ್ ದ್ವೀಪಗಳ ಪಾಲಿಮರ್ ನೋಟಿಗೆ ತೇವದ ಭಯವಿಲ್ಲ, ಆದರೆ ಬಿಸಿ ತಾಗಿದರೆ ಸುರುಟುತ್ತದೆ, ಒಮ್ಮೆ ಬಲವಾಗಿ ಮಡಚಿದರೆ ಗೆರೆ ಹೋಗುವುದಿಲ್ಲ.

ಪ್ರತಿ ನೋಟಿನ ವಿವರ ಒಂದು ನೋಟ್‌ಬುಕ್ಕಿನಲ್ಲಿ ಅಥವಾ ಎಕ್ಸೆಲ್ ಹಾಳೆಯಲ್ಲಿರಲಿ: ಹೊರಡಿಸಿದ ಸಂಸ್ಥೆ, ಊರಿನ ಹೆಸರು ಇದೆಯೋ ಇಲ್ಲವೋ, ಮುಖಬೆಲೆ, ಪಿಕ್ ಸಂಖ್ಯೆ, ಸಹಿಗಳು, ಸೀರಿಯಲ್ ನಂಬರ್, ಸ್ಥಿತಿ, ಕೊಂಡ ದಿನ, ಬೆಲೆ, ಬಿಲ್ಲಿನ ಸಂಖ್ಯೆ. ಎರಡೂ ಬದಿಯನ್ನು 600 ಡಿ.ಪಿ.ಐ.ನಲ್ಲಿ ಸ್ಕ್ಯಾನ್ ಮಾಡಿ. ಕವರಿನ ಮೇಲೆ ಬರೆಯುವುದಿದ್ದರೆ ನೋಟು ಹಾಕುವ ಮೊದಲೇ ಬರೆದುಬಿಡಿ. ನೋಟು ಒಳಗಿದ್ದಾಗ ಒತ್ತಿ ಬರೆದ ಅಕ್ಷರ ಕಾಗದದ ಮೇಲೆ ಹಾಗೇ ಮೂಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ, ಬಿಸಿಲು ಬಿದ್ದ ಒಂದು ಒಣ ಮಧ್ಯಾಹ್ನ ನೋಡಿಕೊಂಡು, ಡಬ್ಬಿ ತೆರೆದು ಜೆಲ್‌ನ ಬಣ್ಣವನ್ನೂ ನೋಟುಗಳ ಅಂಚುಗಳನ್ನೂ ನೋಡಿ. ಎಲ್ಲಾದರೂ ಬೂಸ್ಟಿನ ಪುಡಿ ಕಂಡರೆ ಆ ನೋಟನ್ನು ತಕ್ಷಣ ಉಳಿದವುಗಳಿಂದ ಬೇರೆ ಮಾಡಿ, ಹೊಸ ಕವರಿಗೆ ಹಾಕಿ, ಹಳೆಯ ಕವರನ್ನು ಎಸೆದುಬಿಡಿ.